ಮುಲ್ತವಿಯೋ, ಮನಸೂಖೋ? – ಇಂಗ್ಲಿಷಿನ ಜೋಡುಕ್ರಿಯೆಗಳ ಚರಿತ್ರೆ ಮತ್ತು ನನ್ನದೊಂದು ತಪ್ಪು



ಕಳೆದ ತಿಂಗಳು ಪುಣೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಕರೆ ಮಾಡಿದ್ದಳು. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಗುರುಗಳೇ, ನನ್ನ ಮಗ ಒಂದು ಮಾತು ಕೇಳ್ಯಾನ್ರಿ. 'ಕಾಲ್ ಆಫ್' ಅಂದ್ರೂ 'ಪುಟ್ ಆಫ್' ಅಂದ್ರೂ ಎರಡೂ ಒಂದೇ ಏನ್ರಿ? ಎರಡರಾಗೂ ಆಫ್ ಅದಲ್ರಿ" ಎಂದಳು. ನಾನು ಕೂಡಲೇ ಉತ್ತರ ಹೇಳಿದೆ. ಅವಳು ಸಂತೋಷಪಟ್ಟು ಫೋನ್ ಇಟ್ಟಳು. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರ ನನಗೆ ಯಾವ ವ್ಯಾಕರಣ ಪುಸ್ತಕದಿಂದಲೂ ತಿಳಿದದ್ದಲ್ಲ. ಅದನ್ನು ನಾನು ಕಲಿತುಕೊಂಡದ್ದು ಒಬ್ಬ ಹುಡುಗನ ನಷ್ಟದಿಂದ. ಆ ಪ್ರಸಂಗವನ್ನು ಇದುವರೆಗೆ ನಾನು ಎಲ್ಲಿಯೂ ಬರೆದಿಲ್ಲ. ಈಗ ಬರೆಯಬೇಕೆನಿಸಿದೆ. ಅದಕ್ಕೆ ಮೊದಲು ಈ ಜೋಡುಕ್ರಿಯೆಗಳು ಎಲ್ಲಿಂದ ಬಂದವು, ನಮ್ಮ ಕೊಡಂಬಲದಂಥ ಊರಿನ ಮಕ್ಕಳಿಗೆ ಅವು ಏಕೆ ಕಬ್ಬಿಣದ ಕಡಲೆಯಾದವು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆ. ಪಾಠ ಮಾಡುವ ಚಟ ನಿವೃತ್ತಿಯಾದರೂ ಬಿಡದು, ಕ್ಷಮಿಸಿರಿ.

ನಮ್ಮ ಸೀಮೆ ಎಂದೂ ಒಂದೇ ಭಾಷೆಯ ಸೀಮೆಯಾಗಿರಲಿಲ್ಲ. ಕಲ್ಯಾಣದಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಪಂಡಿತರ ಭಾಷೆ ಸಂಸ್ಕೃತ, ಜನರ ಭಾಷೆ ಕನ್ನಡ. ವಿಜ್ಞಾನೇಶ್ವರನು 'ಮಿತಾಕ್ಷರಾ'ವನ್ನು ಸಂಸ್ಕೃತದಲ್ಲಿ ಬರೆದದ್ದು ಇದೇ ಕಲ್ಯಾಣದಲ್ಲಿ. ಬಹಮನಿಯರ ಕಾಲದಲ್ಲಿ ಪಾರಸಿ ಬಂತು. ಮಹಮೂದ್ ಗವಾನನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ಪಾರಸಿ, ಅರಬ್ಬಿ ವಿದ್ಯೆಗಳ ಮನೆಯಾಗಿತ್ತು. ಸಂತೆಯಲ್ಲಿ ದಖ್ಖನಿ, ಪಡುವಣ ವ್ಯಾಪಾರಿಗಳೊಡನೆ ಮರಾಠಿ, ಮೂಡಣದವರೊಡನೆ ತೆಲುಗು. ಹುಮನಾಬಾದಿನ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು 19ನೇ ಶತಮಾನದಲ್ಲಿ ಮರಾಠಿ, ಕನ್ನಡ, ಹಿಂದುಸ್ತಾನಿ ಹೀಗೆ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರೆಂದರೆ ಅದು ಇಲ್ಲಿನ ಗಾಳಿಯ ಗುಣ. ಅಕ್ಷರ ಬಾರದ ನಮ್ಮ ಅಜ್ಜಿಯೂ ಮೂರು ಭಾಷೆಗಳಲ್ಲಿ ಚೌಕಾಸಿ ಮಾಡುತ್ತಿದ್ದಳು.

ಇಷ್ಟೆಲ್ಲ ಭಾಷೆಗಳ ನಡುವೆ ಇಂಗ್ಲಿಷಿಗೆ ಮಾತ್ರ ಬಹುಕಾಲ ಸ್ಥಳವಿರಲಿಲ್ಲ. ಮೆಕಾಲೆಯ 1835ರ ಟಿಪ್ಪಣಿ ಬ್ರಿಟಿಷ್ ಇಂಡಿಯಾಕ್ಕೆ ಸಂಬಂಧಪಟ್ಟದ್ದು. ನಾವು ನಿಜಾಮರ ಪ್ರಜೆಗಳು. ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಬದಲು ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ಉರ್ದು ಮಾಧ್ಯಮದಲ್ಲಿ ಕೊಟ್ಟಿತು. ಇಂಗ್ಲಿಷನ್ನು ಒಂದು ಕಡ್ಡಾಯ ವಿಷಯವನ್ನಾಗಿ ಮಾತ್ರ ಇರಿಸಿಕೊಂಡಿತು. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನವನ್ನೂ ಕಾನೂನನ್ನೂ ಕಲಿಸಬಹುದೆಂದು ತೋರಿಸಿದ ದೊಡ್ಡ ಪ್ರಯೋಗವದು. ಆದರೆ ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳಿಗೆ ಉರ್ದುವೂ ಹೊರಗಿನದೇ. ಕನ್ನಡದಲ್ಲಿ ಕಲಿಯಬೇಕೆಂದರೆ ಕಲಬುರ್ಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಕೆಲವೇ ಖಾಸಗಿ ಸಂಸ್ಥೆಗಳಿದ್ದವು. ಹಳ್ಳಿಯ ಹುಡುಗನಿಗೆ ಕಲಬುರ್ಗಿ ದೂರ.

ನಮ್ಮ ತಂದೆಯವರು ಓದಿದ್ದು ಉರ್ದುವಿನಲ್ಲಿ. ಅವರ ಅಕ್ಷರ ಮುತ್ತು ಪೋಣಿಸಿದಂತಿತ್ತು. ಊರವರ ಅರ್ಜಿ, ತಕರಾರು, ಪಹಣಿಯ ನಕಲು ಎಲ್ಲವೂ ಅವರ ಕೈಯಿಂದಲೇ ಆಗಬೇಕು. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯ ತಾಲೂಕುಗಳು ಮೂರು ರಾಜ್ಯಗಳಿಗೆ ಹಂಚಿಹೋಗಿ, ನಾವು ಮೈಸೂರು ರಾಜ್ಯದವರಾದೆವು. ಒಂದೇ ತಲೆಮಾರಿನಲ್ಲಿ ಕಚೇರಿಯ ಭಾಷೆ ಉರ್ದುವಿನಿಂದ ಇಂಗ್ಲಿಷಿಗೂ ಕನ್ನಡಕ್ಕೂ ಹೊರಳಿತು. ನಿನ್ನೆಯವರೆಗೆ ಊರಿಗೆ ಕಣ್ಣಾಗಿದ್ದ ಮನುಷ್ಯ ಒಮ್ಮೆಲೇ ಓದು ಬಾರದವರ ಸಾಲಿಗೆ ಸೇರಿದ. ಆ ನೋವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. "ನೀನರೆ ಇಂಗ್ಲಿಷ್ ಕಲಿ" ಎಂದು ನನ್ನನ್ನು ಶಾಲೆಗೆ ಕಳಿಸಿದರು.

ನಾನು ಕಲಿತದ್ದಾದರೂ ಹೇಗೆ? ಐದನೆಯ ತರಗತಿಯಲ್ಲಿ ಎ, ಬಿ, ಸಿ, ಡಿ. ಪ್ರೌಢಶಾಲೆಗೆ ಬಂದಾಗ ರೆನ್ ಮತ್ತು ಮಾರ್ಟಿನ್ ಅವರ ಕೆಂಪು ರಟ್ಟಿನ ವ್ಯಾಕರಣ. ಬೊಂಬಾಯಿ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಪಿ. ಸಿ. ರೆನ್ ಅವರು ಸಾಹಸ ಕಾದಂಬರಿಗಳಿಂದಲೂ ಹೆಸರಾದವರು. ಅವರ ವ್ಯಾಕರಣ 1935ರಲ್ಲಿ ಪ್ರಕಟವಾಯಿತು. ಆ ಕಾಲದ ಮಾಸ್ತರರು ಕ್ರಿಯಾಪದಗಳ ಪಟ್ಟಿ ಬರೆಸುತ್ತಿದ್ದರು: 'ಲುಕ್ ಆಫ್ಟರ್', 'ಲುಕ್ ಫಾರ್', 'ಲುಕ್ ಇನ್‌ಟು', 'ಲುಕ್ ಅಪ್'. ಪ್ರತಿಯೊಂದರ ಮುಂದೆ ಒಂದು ಅರ್ಥ. ಮಗ್ಗಿಯಂತೆ ಬಾಯಿಪಾಠ. ಏಕೆ ಹೀಗೆ ಎಂದು ಕೇಳಿದವನಿಗೆ ಒಂದೇ ಉತ್ತರ: "ಅದು ಹಂಗೇ ಅದ." ನಾನೂ ಮಾಸ್ತರನಾದ ಮೇಲೆ ಕೆಲವು ವರ್ಷ ಅದೇ ಉತ್ತರವನ್ನು ಕೊಟ್ಟದ್ದುಂಟು. ಆದರೆ ಯಾವ ಭಾಷೆಯಲ್ಲಿಯೂ ಯಾವುದೂ ಸುಮ್ಮನೆ 'ಹಂಗೇ' ಇರುವುದಿಲ್ಲ. ಅದರ ಹಿಂದೆ ಚರಿತ್ರೆ ಇರುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ಕ್ರಿಯೆಗೆ ಅಂಟಿಕೊಳ್ಳುವ ಈ ಚಿಕ್ಕ ಮಾತುಗಳು ಬಹುಮಟ್ಟಿಗೆ ಮುಂದೆ ಬರುತ್ತಿದ್ದವು. 'ಅಂಡರ್‌ಸ್ಟ್ಯಾಂಡ್', 'ಫರ್‌ಗಿವ್', 'ವಿತ್‌ಸ್ಟ್ಯಾಂಡ್' ಎಂಬವು ಆ ಕಾಲದ ಉಳಿಕೆಗಳು. ನಮ್ಮ ಸಂಸ್ಕೃತದ ಉಪಸರ್ಗಗಳ ಹಾಗೆಯೇ ಇದು. 'ಹಾರ' ಎಂಬ ಒಂದೇ ರೂಪ ಆಹಾರ, ವಿಹಾರ, ಸಂಹಾರ, ಪರಿಹಾರ, ಪ್ರಹಾರ ಎಂದು ಮುಂದಿನ ಅಕ್ಷರ ಬದಲಾದಂತೆ ಊಟದಿಂದ ಕೊಲೆಯವರೆಗೆ ಅಲೆದಾಡುವುದಿಲ್ಲವೇ? ಕಾಲಕ್ರಮೇಣ ಇಂಗ್ಲಿಷಿನಲ್ಲಿ ಆ ಚಿಕ್ಕ ಮಾತು ಕ್ರಿಯೆಯಿಂದ ಕಳಚಿಕೊಂಡು ಹಿಂದಕ್ಕೆ ಸರಿಯಿತು. 9ನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಬಂದು ನೆಲೆಸಿದ ಸ್ಕ್ಯಾಂಡಿನೇವಿಯದವರ ಮಾತಿನಲ್ಲಿ ಇಂಥ ಬಿಡಿ ಪ್ರಯೋಗಗಳು ಹೇರಳವಾಗಿದ್ದು, ಅವರ ಸಹವಾಸ ಈ ಬದಲಾವಣೆಗೆ ಇಂಬು ಕೊಟ್ಟಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹೀಗೆ ಸರಿದಾಡಿದ್ದರ ಗುರುತು ಇಂದಿಗೂ ಇದೆ. 'ಓವರ್‌ಟೇಕ್' ಎಂದರೆ ಹಿಂದೆ ಹಾಕಿ ಮುಂದೆ ಹೋಗುವುದು, 'ಟೇಕ್ ಓವರ್' ಎಂದರೆ ಅಧಿಕಾರ ವಹಿಸಿಕೊಳ್ಳುವುದು. ಹುಮನಾಬಾದಿನ ಮೇಲೆ ಹಾದುಹೋಗುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಲಾರಿ ಚಾಲಕನಿಗೆ ಮೊದಲನೆಯದು ಗೊತ್ತು. ಶಾಲೆಗೆ ಹೊಸ ಮುಖ್ಯೋಪಾಧ್ಯಾಯರು ಬಂದಾಗ ಗುಮಾಸ್ತನಿಗೆ ಎರಡನೆಯದು ಗೊತ್ತು. 'ಅಪ್‌ಸೆಟ್' ಮಾಡಿದರೆ ಬುಡಮೇಲು, 'ಸೆಟ್ ಅಪ್' ಮಾಡಿದರೆ ಸ್ಥಾಪನೆ. ಅವೇ ಎರಡು ತುಂಡುಗಳು, ಜಾಗ ಬದಲಾದರೆ ಅರ್ಥವೇ ತಿರುಗುಮುರುಗು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದುಕೊಂಡರು. ಅರಮನೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಫ್ರೆಂಚು, ಮಠದಲ್ಲಿ ಲ್ಯಾಟಿನ್, ಹೊಲದಲ್ಲಿ ಇಂಗ್ಲಿಷು. ನಿಜಾಮರ ಕಾಲದ ನಮ್ಮ ಊರನ್ನು ನೆನೆದರೆ ಈ ಸ್ಥಿತಿ ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ಆ ಕಾಲದ ಒಂದು ಅಮೂಲ್ಯ ದಾಖಲೆ ಪೀಟರ್‌ಬರೊ ಮಠದ ವಾರ್ಷಿಕ ವೃತ್ತಾಂತ. ಜನರ ಇಂಗ್ಲಿಷಿನಲ್ಲಿಯೇ ಬರೆದುಕೊಂಡು ಬಂದ ಆ ವೃತ್ತಾಂತ 1154ರ ವಿಷಯದೊಂದಿಗೆ ನಿಲ್ಲುತ್ತದೆ. ಅದರಲ್ಲಿ 1137ನೇ ವರ್ಷದ ಕೆಳಗೆ, ಸ್ಟೀಫನ್ ದೊರೆಯು ಬಿಷಪ್ಪರನ್ನು ಹಿಡಿದು, ಅವರು ತಮ್ಮ ಕೋಟೆಗಳನ್ನು ಒಪ್ಪಿಸುವವರೆಗೆ ಸೆರೆಯಲ್ಲಿಟ್ಟ ಸಂಗತಿ ಬರುತ್ತದೆ. ಅಲ್ಲಿ ಲೇಖಕನು 'ಒಪ್ಪಿಸು' ಎಂಬುದಕ್ಕೆ ಬಳಸಿದ್ದು ಇಂದಿನ 'ಗಿವ್ ಅಪ್' ಎಂಬ ಜೋಡಿಯ ಹಳೆಯ ರೂಪವನ್ನೇ. ಅದೇ ಅರ್ಥದ 'ಸರೆಂಡರ್' ಎಂಬ ಮಾತು ಫ್ರೆಂಚಿನಿಂದ ಬಂದದ್ದು.

ಆ ಮಠದ ಲೇಖಕ ಬರೆಯುತ್ತಿದ್ದ ಹೊತ್ತಿಗೆ ನಮ್ಮ ಕಲ್ಯಾಣದಲ್ಲಿ ಏನು ನಡೆಯುತ್ತಿತ್ತು? 12ನೇ ಶತಮಾನದ ಅದೇ ನಡುಭಾಗದಲ್ಲಿ ಬಸವಣ್ಣನವರೂ ಶರಣರೂ ಪಂಡಿತರ ಭಾಷೆಯನ್ನು ಪಕ್ಕಕ್ಕಿರಿಸಿ, ಕಾಯಕದವರ ಕನ್ನಡದಲ್ಲಿ ವಚನಗಳನ್ನು ರಚಿಸುತ್ತಿದ್ದರು. ಎರಡಕ್ಕೂ ಯಾವ ಸಂಬಂಧವೂ ಇಲ್ಲ, ನಿಜ. ಆದರೆ ಇಂಗ್ಲಿಷಿನ ಜೋಡುಕ್ರಿಯೆಗಳು ಹಳ್ಳಿಗರ ಬಾಯಿಂದ ಬೆಳೆದ ಮಾತುಗಳೇ ಹೊರತು ಪಂಡಿತರ ಸೃಷ್ಟಿಯಲ್ಲವೆಂಬುದನ್ನು ಮಕ್ಕಳಿಗೆ ಹೇಳುವಾಗ ನಾನು ಈ ಕಾಲದ ಹೋಲಿಕೆಯನ್ನು ಹೇಳುತ್ತಿದ್ದೆ. ಕಲ್ಯಾಣದ ಮಕ್ಕಳಿಗೆ ಅದು ಮನದಟ್ಟಾಗುತ್ತಿತ್ತು.

ಈ ಎರಡು ಪದರಗಳು ಇಂಗ್ಲಿಷಿನಲ್ಲಿ ಇಂದಿಗೂ ಒಟ್ಟಿಗೆ ಇವೆ. ಮೇಲಿನ ಪದರ 'ಪೋಸ್ಟ್‌ಪೋನ್', ಕೆಳಗಿನದು 'ಪುಟ್ ಆಫ್'. ಮೇಲಿನದು 'ಎಕ್ಸ್‌ಟಿಂಗ್ವಿಷ್', ಕೆಳಗಿನದು 'ಪುಟ್ ಔಟ್'. ಮೇಲೆ 'ಟಾಲರೇಟ್', ಕೆಳಗೆ 'ಪುಟ್ ಅಪ್ ವಿತ್'. ಮೇಲೆ 'ಇನ್ವೆಸ್ಟಿಗೇಟ್', ಕೆಳಗೆ 'ಲುಕ್ ಇನ್‌ಟು'. ವಿಚಿತ್ರವೆಂದರೆ ಇಂಗ್ಲಿಷರ ಮಕ್ಕಳಿಗೆ ಕೆಳಗಿನ ಪದರ ತಾಯಿಯ ಹಾಲಿನೊಂದಿಗೆ ಬರುತ್ತದೆ, ಮೇಲಿನದನ್ನು ಶಾಲೆಯಲ್ಲಿ ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಇದು ತಲೆಕೆಳಗು. ಪುಸ್ತಕದಿಂದ ಭಾಷೆ ಕಲಿತ ನಮಗೆ 'ಪೋಸ್ಟ್‌ಪೋನ್' ಸುಲಭ, 'ಪುಟ್ ಆಫ್' ಕಷ್ಟ.

ಈ ಕಷ್ಟವನ್ನು ಇಂಗ್ಲಿಷರೂ ಬಲ್ಲರು. 1755ರಲ್ಲಿ ತಮ್ಮ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯಲ್ ಜಾನ್ಸನ್ ಅವರು ಅದರ ಮುನ್ನುಡಿಯಲ್ಲಿಯೇ, ಚಿಕ್ಕದೊಂದು ಮಾತು ಸೇರಿ ಕ್ರಿಯೆಯ ಅರ್ಥವನ್ನು ಬದಲಿಸುವ ಈ ರೀತಿ ಪರದೇಶೀಯರಿಗೆ ಬಹಳ ತೊಡಕಿನದೆಂದು ಒಪ್ಪಿಕೊಂಡು, ಅಂಥವನ್ನು ಎಚ್ಚರಿಕೆಯಿಂದ ಕೂಡಿಹಾಕಿರುವುದಾಗಿ ಹೇಳುತ್ತಾರೆ. 'ಫ್ರೇಸಲ್ ವರ್ಬ್' ಎಂಬ ಹೆಸರು ಬಳಕೆಗೆ ಬಂದದ್ದು ಇನ್ನೂ ತಡವಾಗಿ, 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಅವರ ಪುಸ್ತಕದಿಂದ. ಆ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ.

1930ರಲ್ಲಿ ಸಿ. ಕೆ. ಆಗ್ಡೆನ್ ಎಂಬವರು ಲೋಕಕ್ಕೆಲ್ಲ ಸುಲಭವಾಗಲೆಂದು 850 ಪದಗಳ 'ಬೇಸಿಕ್ ಇಂಗ್ಲಿಷ್' ರೂಪಿಸಿದರು. ಅದರಲ್ಲಿ ಕ್ರಿಯೆಗಳು ಹದಿನೆಂಟೇ. ಹಾಗಾದರೆ ಉಳಿದ ಸಾವಿರಾರು ಕ್ರಿಯೆಗಳ ಕೆಲಸ ಮಾಡುವವರಾರು? 'ಪುಟ್', 'ಗೆಟ್', 'ಗಿವ್', 'ಟೇಕ್' ಮುಂತಾದವುಗಳಿಗೆ ಚಿಕ್ಕ ಮಾತು ಸೇರಿಸಿದ ಜೋಡಿಗಳೇ! ಪದಗಳ ಸಂಖ್ಯೆ ಕಡಿಮೆಯಾಯಿತು, ತೊಡಕು ಹೆಚ್ಚಿತು. ಢಾಕಾದಲ್ಲಿ ಬಂಗಾಳಿ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುವ ಬಗೆಯನ್ನು ಶೋಧಿಸಿದ ಮೈಕೆಲ್ ವೆಸ್ಟ್ ಅವರು ಬೇಸಿಕ್ ಪದ್ಧತಿಯ ಕಟು ಟೀಕಾಕಾರರಾಗಿದ್ದರು. ಎ. ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು ಜಪಾನಿನ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ನಿಘಂಟು, 1948ರಲ್ಲಿ ಆಕ್ಸ್‌ಫರ್ಡ್ ಮುದ್ರೆಯೊಡನೆ ಮತ್ತೆ ಬಂದು, ನಮ್ಮಂಥ ಮಾಸ್ತರರಿಗೆ ಊರುಗೋಲಾಯಿತು. ಇಂಗ್ಲಿಷ್ ಕಲಿಸುವವರಿಗೆ ಕಲಿಸಲೆಂದೇ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆ ಹುಟ್ಟಿದವು. ಹೈದರಾಬಾದಿನದು 2007ರಲ್ಲಿ ವಿಶ್ವವಿದ್ಯಾಲಯವಾಗಿದೆ.

ಇಷ್ಟೆಲ್ಲ ಇದ್ದರೂ ನನಗೆ ಬೀಗದ ಕೈ ಸಿಕ್ಕಿದ್ದು ನಮ್ಮ ಕನ್ನಡದಲ್ಲಿಯೇ. ಒಂದು ತರಬೇತಿಯಲ್ಲಿ ಹೊರರಾಜ್ಯದ ಶಿಕ್ಷಕರೊಬ್ಬರು ನನ್ನಿಂದ ಕನ್ನಡ ಕಲಿಯುತ್ತಿದ್ದರು. "ನಿಮ್ಮ 'ಕೈ' ನನಗೆ ತಿಳಿಯುವುದೇ ಇಲ್ಲ" ಎಂದು ಅವರು ಒಂದು ದಿನ ಗೋಳಿಟ್ಟರು. ಆಲೋಚಿಸಿ ನೋಡಿ. ಕೈಹಿಡಿದರೆ ಆಸರೆ ಅಥವಾ ಮದುವೆ. ಕೈಕೊಟ್ಟರೆ ಮೋಸ. ಕೈಬಿಟ್ಟರೆ ಅನಾಥ. ಕೈಹಾಕಿದರೆ ಆರಂಭ. ಕೈಗೂಡಿದರೆ ಸಫಲ. ಕೈಚೆಲ್ಲಿದರೆ ನಿರಾಶೆ. ಕೈಮೀರಿದರೆ ಮುಗಿಯಿತು. 'ಕೈಕೊಟ್ಟ' ಎಂದರೆ ಸಹಾಯ ಮಾಡಿದ ಎಂದೇ ಆ ಪಾಪದ ಮನುಷ್ಯ ತಿಳಿದಿದ್ದರು! ಹಾಗೆಯೇ 'ಹೇಳು' ಎಂಬುದನ್ನು ತೆಗೆದುಕೊಳ್ಳಿ. ಹೇಳಿಕೊಟ್ಟವನು ಗುರು, ಹೇಳಿಕೊಂಡವನು ದುಃಖಿ, ಹೇಳಿಬಿಟ್ಟವನು ಗುಟ್ಟು ಉಳಿಸಿಕೊಳ್ಳಲಾರದವನು, ಹೇಳಿಕಳಿಸಿದವನು ದೂರದಲ್ಲಿರುವವನು. 'ನೋಡಿಕೊಳ್ಳು' ಎಂಬುದಂತೂ ಧ್ವನಿಯ ಮೇಲೆ ನಿಂತಿದೆ: ತಾಯಿ ಹೇಳಿದರೆ ಆರೈಕೆ, ಜಗಳಗಂಟ ಹೇಳಿದರೆ ಬೆದರಿಕೆ. ನಾವು ಇವನ್ನು ಎಂದಾದರೂ ಬಾಯಿಪಾಠ ಮಾಡಿದೆವೇ? ಇಲ್ಲ. ಕೊಡುವುದು ಇನ್ನೊಬ್ಬರಿಗಾಗಿ, ಕೊಳ್ಳುವುದು ತನಗಾಗಿ, ಬಿಡುವುದು ಮುಗಿಸುವುದಕ್ಕಾಗಿ ಎಂಬ ಒಳಗಿನ ಚಿತ್ರ ನಮ್ಮೊಳಗೆ ಇದೆ.

ಇಂಗ್ಲಿಷಿನ ಚಿಕ್ಕ ಮಾತುಗಳಿಗೂ ಇಂಥ ಒಳಚಿತ್ರಗಳಿವೆ. 'ಅಪ್' ಎಂದರೆ ಮೇಲೆ. ಹಲವು ಕಡೆ ಪೂರ್ತಿ. 'ಈಟ್ ಅಪ್' ನಮ್ಮ 'ತಿಂದುಬಿಡು'. 'ಔಟ್' ಎಂದರೆ ಹೊರಗೆ. ದೀಪದ ವಿಷಯದಲ್ಲಿ ಆರಿಹೋಗುವುದು, ದಾಸ್ತಾನಿನ ವಿಷಯದಲ್ಲಿ ತೀರಿಹೋಗುವುದು. 'ಆಫ್' ಎಂದರೆ ಇದ್ದಲ್ಲಿಂದ ಬೇರ್ಪಡುವುದು, ದೂರ ಸರಿಯುವುದು. ಈ ಚಿತ್ರ ಹಿಡಿದುಕೊಂಡರೆ ಅರ್ಧ ದಾರಿ ಸಾಗಿದಂತೆ.

ಈಗ ನನ್ನ ಮಕ್ಕಳು ಹೆಚ್ಚಾಗಿ ತಪ್ಪುತ್ತಿದ್ದ ಕೆಲವು ಜೋಡಿಗಳನ್ನು ಹೇಳುವೆ.

ಮೊದಲನೆಯದು 'ಲುಕ್ ಆಫ್ಟರ್' ಮತ್ತು 'ಲುಕ್ ಫಾರ್'. ಒಬ್ಬ ಹುಡುಗ ರಜೆಯ ಅರ್ಜಿಯಲ್ಲಿ ತಂದೆಗೆ ಜ್ವರವೆಂದೂ ಅವರನ್ನು 'ಲುಕ್ ಫಾರ್' ಮಾಡಬೇಕಾಗಿದೆಯೆಂದೂ ಬರೆದಿದ್ದ. ಜ್ವರ ಬಂದ ತಂದೆ ಎಲ್ಲಿಗೆ ಕಳೆದುಹೋದರೆಂದು ಶಿಕ್ಷಕರ ಕೊಠಡಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ನೋಡಿಕೊಳ್ಳುವುದು 'ಲುಕ್ ಆಫ್ಟರ್', ಹುಡುಕುವುದು 'ಲುಕ್ ಫಾರ್'. ಇವೆರಡರ ಜೊತೆಗೆ ವಿಚಾರಣೆ ಮಾಡುವ 'ಲುಕ್ ಇನ್‌ಟು', ಎದುರುನೋಡುವ 'ಲುಕ್ ಫಾರ್ವರ್ಡ್ ಟು', ಕೀಳಾಗಿ ಕಾಣುವ 'ಲುಕ್ ಡೌನ್ ಆನ್' ಸೇರಿಸಿಕೊಳ್ಳಿ.

ಎರಡನೆಯದು 'ಗಿವ್ ಅಪ್' ಮತ್ತು 'ಗಿವ್ ಇನ್'. ಕೈಚೆಲ್ಲುವುದು, ಬಿಟ್ಟುಬಿಡುವುದು 'ಗಿವ್ ಅಪ್'. ಇನ್ನೊಬ್ಬರ ಹಟಕ್ಕೆ ಮಣಿಯುವುದು 'ಗಿವ್ ಇನ್'. ಬೀಡಿ ಬಿಟ್ಟವನು 'ಗಿವ್ ಅಪ್' ಮಾಡಿದ. ಮಗನ ಹಟಕ್ಕೆ ಸೈಕಲ್ ಕೊಡಿಸಿದ ತಂದೆ 'ಗಿವ್ ಇನ್' ಮಾಡಿದ.

ಮೂರನೆಯದು 'ಬ್ರಿಂಗ್ ಅಪ್' ಮತ್ತು 'ಗ್ರೋ ಅಪ್'. ಸಾಕುವವಳು ತಾಯಿ, ಬೆಳೆಯುವವನು ಮಗ. ಕನ್ನಡದಲ್ಲಿ ಬೆಳೆಸು, ಬೆಳೆ ಎಂಬಷ್ಟೇ ಅಂತರ.

ನಾಲ್ಕನೆಯದು ಕಚೇರಿಯದು. ನಮ್ಮ ದೇಶದ ಗುಮಾಸ್ತರು ಕಡತವನ್ನು ಸಾಹೇಬರ ಮುಂದೆ ಮಂಡಿಸುವುದನ್ನು 'ಪುಟ್ ಅಪ್' ಎನ್ನುತ್ತಾರೆ. ಪರಸ್ಥಳದಲ್ಲಿ ತಂಗುವುದಕ್ಕೂ 'ಪುಟ್ ಅಪ್' ಎನ್ನುವುದುಂಟು. ಅದಕ್ಕೇ 'ವಿತ್' ಸೇರಿದರೆ ಸಹಿಸಿಕೊಳ್ಳುವುದು. ಕಡತ, ವಸತಿ, ಸಹನೆ ಮೂರೂ ಒಂದೇ ಗೂಟಕ್ಕೆ ಕಟ್ಟಿದ ದನಗಳು. ಹಾಗೆಯೇ ನಾವು ಕಾಲೇಜು ಮುಗಿಸಿದ್ದನ್ನು 'ಪಾಸ್ ಔಟ್' ಎನ್ನುತ್ತೇವೆ. ಹೊರದೇಶಕ್ಕೆ ಹೋದ ನನ್ನ ಮಕ್ಕಳೇ, ಅಲ್ಲಿ ಹಾಗೆಂದರೆ ಮೂರ್ಛೆ ಹೋದೆನೆಂದು ತಿಳಿದಾರು, ಜಾಗ್ರತೆ.

ಐದನೆಯದು ನಿಜವಾಗಿ ಅಪಾಯಕಾರಿ. ಕನ್ನಡದಲ್ಲಿ ದಿನಾಂಕವನ್ನು 'ಮುಂದಕ್ಕೆ ಹಾಕಿದರು' ಎಂದರೆ ತಡವಾಗುತ್ತದೆ. ಇಂಗ್ಲಿಷಿನಲ್ಲಿ 'ಬ್ರಿಂಗ್ ಫಾರ್ವರ್ಡ್' ಎಂದರೆ ದಿನ ಬೇಗ ಬರುತ್ತದೆ! ನಮಗೆ ಕಾಲವು ನಮ್ಮ ಮುಂದೆ ಚಾಚಿಕೊಂಡಿರುವ ದಾರಿ. ಮುಂದೂಡಿದ ವಸ್ತು ದೂರ ಹೋಗುತ್ತದೆ. ಅವರ ಈ ಮಾತಿನಲ್ಲಿ ದಿನವು ನಮ್ಮತ್ತ ನಡೆದುಬರುತ್ತಿದೆ. ಅದನ್ನು ಮುಂದೆ ತಂದರೆ ಹತ್ತಿರವಾಗುತ್ತದೆ. ಪದಕ್ಕೆ ಪದವಿಟ್ಟು ಭಾಷಾಂತರಿಸಿದವನು ಪರೀಕ್ಷೆಯನ್ನೇ ತಪ್ಪಿಸಿಕೊಂಡಾನು.

ಇನ್ನು ಕೊನೆಯದು, 'ಪುಟ್ ಆಫ್' ಮತ್ತು 'ಕಾಲ್ ಆಫ್'. ಇಲ್ಲಿ ನನ್ನ ಕಥೆ ಬರುತ್ತದೆ.

ಅದು 1987ರ ಮಳೆಗಾಲ ಮುಗಿಯುವ ಹೊತ್ತು. ನಾನು ಬಿಎಡ್ ಮುಗಿಸಿ ಮಾಸ್ತರಿಕೆಗೆ ಸೇರಿ ಎರಡು ವರ್ಷವಾಗಿತ್ತು. ನಮ್ಮ ಊರಿನ ಒಬ್ಬ ಹುಡುಗ, ಒಣಬೇಸಾಯದ ಮನೆಯವನು, ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದು, ಒಂದು ಕಚೇರಿಯ ಚಿಕ್ಕ ಹುದ್ದೆಗೆ ಅರ್ಜಿ ಹಾಕಿದ್ದ. ಸಂದರ್ಶನಕ್ಕೆ ಕರೆ ಬಂದಿತ್ತು. ಹೊರಡುವುದಕ್ಕೆ ಎರಡು ದಿನ ಮೊದಲು ಒಂದು ತಂತಿ ಬಂತು. ಆ ದಿನಗಳಲ್ಲಿ ಹಳ್ಳಿಗೆ ತಂತಿ ಬಂದರೆ ಸಾವಿನ ಸುದ್ದಿಯೆಂದೇ ಹೆಣ್ಣುಮಕ್ಕಳು ಅಳತೊಡಗುತ್ತಿದ್ದರು. ಪದಕ್ಕಿಷ್ಟು ಎಂದು ದುಡ್ಡಾದ್ದರಿಂದ ತಂತಿಯಲ್ಲಿ ನಾಲ್ಕೈದು ಪದಗಳಿಗಿಂತ ಹೆಚ್ಚು ಇರುತ್ತಿರಲಿಲ್ಲ. ಹುಡುಗ ಅದನ್ನು ಹಿಡಿದು ನಮ್ಮ ಮನೆಗೆ ಓಡಿಬಂದ. "ಗುರುಗಳೇ, ಇದರಾಗ ಏನ್ ಬರದಾರ ನೋಡ್ರಿ." ಅದರಲ್ಲಿದ್ದದ್ದು ಇಷ್ಟು: 'ಇಂಟರ್‌ವ್ಯೂ ಪುಟ್ ಆಫ್ ಲೆಟರ್ ಫಾಲೋಸ್'.

ನಾನು ಓದಿದೆ. ದೀಪದ ಗುಂಡಿ ನನ್ನ ಕಣ್ಣಿಗೆ ಬಂತು. ಆನ್ ಎಂದರೆ ಉರಿ, ಆಫ್ ಎಂದರೆ ಆರು. "ಇಂಟರ್‌ವ್ಯೂ ರದ್ದಾಗೇದಪಾ. ಪತ್ರದಾಗ ಕಾರಣ ಬರೀತಾರ" ಎಂದುಬಿಟ್ಟೆ. ಹುಡುಗನ ಮುಖ ಬಾಡಿತು. ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ತಂದೆಯವರು ತಲೆಯೆತ್ತಿ ಕೇಳಿದರು: "ಮುಲ್ತವೀನೋ, ಮನಸೂಖೋ?"

ಮುಲ್ತವಿ ಎಂದರೆ ಮುಂದೂಡಿಕೆ, ಮನಸೂಖ್ ಎಂದರೆ ರದ್ದು. ಉರ್ದು ಕಚೇರಿಗಳ ಕಾಗದ ಬರೆದು ಪಳಗಿದ್ದ ಅವರಿಗೆ, ಒಂದು ಸಂಗತಿ ನಿಂತಿತು ಎಂದೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಎಂಬುದು ಗೊತ್ತಿತ್ತು. ಮೊದಲನೆಯದಾದರೆ ಕಾಯಬೇಕು, ಎರಡನೆಯದಾದರೆ ಬೇರೆ ದಾರಿ ನೋಡಬೇಕು. ಇಂಗ್ಲಿಷ್ ಅಕ್ಷರ ಬಾರದ ಅವರು ಸರಿಯಾದ ಪ್ರಶ್ನೆ ಕೇಳಿದರು. ಇಂಗ್ಲಿಷ್ ಮಾಸ್ತರನಾದ ನಾನು ನಿಘಂಟು ತೆರೆಯದೆ, "ಮನಸೂಖ್, ಅಪ್ಪಾ" ಎಂದೆ. ಹಾರ್ನ್‌ಬಿಯವರ ನಿಘಂಟು ಒಳಗೆ ಗೂಡಿನಲ್ಲಿಯೇ ಇತ್ತು. ಎದ್ದು ಹೋಗಿ ನೋಡಿದ್ದರೆ ಎರಡು ನಿಮಿಷದ ಕೆಲಸ. ಊರವರ ಮುಂದೆ ಪುಸ್ತಕ ತೆರೆದರೆ ಮಾಸ್ತರನಿಗೆ ಬರುವುದಿಲ್ಲವೆಂದು ತಿಳಿದಾರೆಂಬ ಹುಸಿ ಅಭಿಮಾನ ನನ್ನನ್ನು ತಡೆಯಿತು.

ಹುಡುಗ ಆ ವಾರವೇ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದ. ಅಲ್ಲಿ ಅವನಿಗೆ ನೆಲೆಯಾದ ವಿಳಾಸವೇ ಇರಲಿಲ್ಲ. ಕೆಲವು ದಿನಗಳ ಮೇಲೆ ಬಂದ ಲಕೋಟೆಯನ್ನು ಓದು ಬಾರದ ಅವನ ತಾಯಿ ಜೋಪಾನವಾಗಿ ದೇವರ ಫೋಟೋದ ಹಿಂದೆ ಇಟ್ಟಳು. ರದ್ದಾದ ಕೆಲಸದ ಕಾಗದ ತಾನೇ, ಯಾರಿಗೆ ತೋರಿಸುವ ಅವಸರ? ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲಿ ದುಡಿಯುವವನೂ ಹೊಲಕ್ಕೆ ಚರಗ ಚೆಲ್ಲಲು ಊರಿಗೆ ಬಂದೇ ಬರುತ್ತಾನೆ. ಹುಡುಗನೂ ಬಂದ. ಲಕೋಟೆ ತಂದು ನನ್ನ ಕೈಗಿತ್ತ. ಅದರಲ್ಲಿ ಹೊಸ ದಿನಾಂಕವಿತ್ತು. ಆ ದಿನ ಕಳೆದು ನಾಲ್ಕು ದಿನಗಳಾಗಿದ್ದವು.

ನಾನು ಏನು ಹೇಳಲಿ? ತಪ್ಪು ನನ್ನದೆಂದು ಹೇಳಿದೆ. ಅವನು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದು, "ಇರ್ಲಿ ಬಿಡ್ರಿ ಗುರುಗಳೇ" ಎಂದು ಎದ್ದುಹೋದ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೇನೋ. ಕಚೇರಿಗೆ ನಾನೇ ಕಾಗದ ಬರೆದೆ, ಖುದ್ದಾಗಿ ಹೋಗಿ ಬಂದೆ, ಪ್ರಯೋಜನವಾಗಲಿಲ್ಲ. ನಮ್ಮ ತಂದೆಯವರು ನನಗೆ ಒಂದು ಮಾತೂ ಆಡಲಿಲ್ಲ. ಆದರೆ ಅಂದಿನಿಂದ ಅವರು ಇರುವವರೆಗೆ, ಯಾರಾದರೂ ನನ್ನ ಬಳಿ ಕಾಗದ ತಂದರೆ ತಾವೇ ಎದ್ದು ಹೋಗಿ ಗೂಡಿನಿಂದ ನಿಘಂಟು ತಂದು ನನ್ನ ಮುಂದಿಡುತ್ತಿದ್ದರು.

ಆ ಮೇಲೆ ನಾನು ಮಕ್ಕಳಿಗೆ ಕಲಿಸಿದ ಬಗೆಯಿದು. 'ಪುಟ್' ಎಂದರೆ ಇಡು, 'ಆಫ್' ಎಂದರೆ ಅತ್ತ. ಅತ್ತ ಇಟ್ಟ ವಸ್ತು ಇಲ್ಲವಾಗುವುದಿಲ್ಲ, ಇನ್ನೊಂದು ದಿನಕ್ಕೆ ಇದ್ದೇ ಇರುತ್ತದೆ. ಅದು ಮುಲ್ತವಿ. 'ಕಾಲ್' ಎಂದರೆ ಕೂಗು. ಬೇಟೆಗೆ ಬಿಟ್ಟ ನಾಯಿಯನ್ನು ಕೂಗಿ ಹಿಂದಕ್ಕೆ ಕರೆದುಕೊಂಡರೆ ಬೇಟೆ ಅಲ್ಲಿಗೇ ಮುಗಿಯಿತು. ಅದು ಮನಸೂಖ್. ಮತ್ತೊಂದು ಸೂಕ್ಷ್ಮ: 'ಇಟ್' ಎಂಬ ಸರ್ವನಾಮ ಬಂದಾಗ ಅದು ನಡುವೆ ಕೂರುತ್ತದೆ, 'ಪುಟ್ ಇಟ್ ಆಫ್', 'ಕಾಲ್ ಇಟ್ ಆಫ್' ಎಂದು. ಆದರೆ 'ಲುಕ್ ಆಫ್ಟರ್ ಇಟ್' ಎಂಬಲ್ಲಿ ಕೊನೆಗೆ ಹೋಗುತ್ತದೆ. ಮೊದಲ ಬಗೆಯಲ್ಲಿ ಚಿಕ್ಕ ಮಾತು ಕ್ರಿಯೆಯ ಪಾಲು. ಎರಡನೆಯದರಲ್ಲಿ ಅದು ಹೆಸರಿನ ಕಡೆಗೆ ವಾಲಿದೆ.

ಈ ಕಥೆ ಬರೆಯುವ ಮೊದಲು ಅವನ ಅನುಮತಿ ಕೇಳಿದೆ. ಅವನೀಗ ಐವತ್ತು ದಾಟಿದ ರೈತ, ತೊಗರಿ ಮತ್ತು ಜೋಳದ ಬೆ‍ಳೆಗಾರ, ಮೊಮ್ಮಕ್ಕಳ ಅಜ್ಜ. "ಬರೀರಿ ಗುರುಗಳೇ, ನನ್ನ ಹೆಸರು ಒಂದು ಹಾಕಬ್ಯಾಡ್ರಿ" ಎಂದು ನಕ್ಕ. ತಂತಿ ಸೇವೆಯೇ 2013ರ ಜುಲೈಯಲ್ಲಿ ನಿಂತುಹೋಯಿತು. ನಮ್ಮ ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂತು. ನಮ್ಮ ತಂದೆಯವರೂ ಇಲ್ಲ. ಅವರ ಪ್ರಶ್ನೆ ಮಾತ್ರ ನನ್ನೊಡನೆ ಇದೆ.

ಪುಣೆಯ ಆ ಹುಡುಗನಿಗೂ, ನಿಮ್ಮೆಲ್ಲರ ಮಕ್ಕಳಿಗೂ ನನ್ನ ಮಾತು ಇಷ್ಟೇ. ಅರ್ಥ ಗೊತ್ತಿದೆ ಎಂದು ಅನಿಸಿದಾಗಲೇ ನಿಘಂಟು ತೆರೆಯಿರಿ. ಅಕ್ಷರ ಬಾರದ ಹಿರಿಯರು ಪ್ರಶ್ನೆ ಕೇಳಿದರೆ ಒಂದು ಕ್ಷಣ ನಿಂತು ಆಲಿಸಿರಿ. ಮತ್ತು ಇನ್ನೊಬ್ಬರ ಕಾಗದವನ್ನು ಓದಿಹೇಳುವಾಗ, ಅದು ಅವರ ಬದುಕೆಂಬುದನ್ನು ಮರೆಯದಿರಿ.